ಕರೆದರೆ ತಿರುಗದವಳೊಂದಿಗೆ ಪುಣೆಗೆ

ಭೋರ್‌ನಿಂದ ಪುಣೆಗೆ ಐವತ್ತು ಕಿಲೋಮೀಟರಿನಷ್ಟು ದಾರಿ. ಮಗಳನ್ನು ಎತ್ತಿಕೊಂಡು ಬೆಳಗಿನ ಏಳರ ಬಸ್ಸು ಹಿಡಿದೆ. ಹೆಂಗಸರಿಗೆ ಅರ್ಧ ಟಿಕೆಟ್, ಮೂರು ವರ್ಷದ ಅವಳಿಗೆ ಟಿಕೆಟ್ಟೇ ಇಲ್ಲ. ಚಳಿ ಇತ್ತು. ಅವಳು ದಾರಿಯುದ್ದಕ್ಕೂ ಕಿಟಕಿಯ ಸ್ಕ್ರೂ ಒಂದನ್ನೇ ಬೆರಳಿನಿಂದ ಸವರುತ್ತಿದ್ದಳು. ಇಳಿದು ವಡಾಪಾವ್ ಕೊಡಿಸಿದರೆ ಪಾವಿನ ಅಂಚನ್ನಷ್ಟೇ ತಿಂದಳು.

ಕರೆದರೆ ತಿರುಗುವುದಿಲ್ಲ, ಮುಖ ನೋಡುವುದಿಲ್ಲ, ಮಾತಿಲ್ಲ. ಕಿವಿ ಸರಿಯಿದೆ ಎಂದು ಪರೀಕ್ಷೆಯಾಗಿತ್ತು. ಆಟಿಸಂ ಹೌದೋ ಅಲ್ಲವೋ ತಿಳಿಯಲು ಆಸ್ಪತ್ರೆಯಲ್ಲಿ ರೋಬೋಟೊಂದು ಮಗುವಿನ ಜೊತೆ ಆಡುತ್ತದೆ ಎಂದಿದ್ದರು. ನನಗೆ ಆಗಲೇ ಸಿಟ್ಟು. ಹೆತ್ತವಳಿಗೆ ತಿಳಿಯದ್ದು ಬೊಂಬೆಗೆ ತಿಳಿಯುತ್ತದೆಯೇ?

ಡಾಕ್ಟರು ಬೆಳಗಾವಿಯವರು. ನನ್ನ ಮರಾಠಿಯಲ್ಲಿ ಕನ್ನಡದ ಎಳೆ ಕೇಳಿದೊಡನೆ ಕನ್ನಡಕ್ಕೆ ಹೊರಳಿದರು. "ಬರ್ರಿ, ಹೆದರಬ್ಯಾಡ್ರಿ. ಅದು ಎಲ್ಲಾ ಮಕ್ಕಳನ್ನೂ ಒಂದ ರೀತಿ ಕರೀತದ. ಈಕಿ ಎಲ್ಲಿ ನೋಡ್ತಾಳ ಅಂತ ಕ್ಯಾಮೆರಾ ಹಿಡೀತದ. ನೋಡಿ ಹೇಳೂದು ನಾನ."

ಮೊಣಕಾಲೆತ್ತರದ ಬಿಳಿ ರೋಬೋಟ್ ಕೈ ಬೀಸಿ, ಚೀಟಿಯಲ್ಲಿ ಬರೆಸಿದ್ದ ಹೆಸರು ಹಿಡಿದು "ಶಾಂತಾ" ಎಂದಿತು. ಮಗಳು ಅದರ ಚಕ್ರ ನೋಡುತ್ತಿದ್ದಳು. ಮತ್ತೆ ಕರೆಯಿತು. ಮತ್ತೊಮ್ಮೆ ಕರೆಯಿತು.

ನನಗೆ ಥಟ್ಟನೆ ಜೀವ ಬಂತು. "ಡಾಕ್ಟರ್, ಆ ಹೆಸರಿಲೆ ಮನ್ಯಾಗ ಯಾರೂ ಕರಿಯೂದಿಲ್ರಿ. ತೀರಿಕೊಂಡ ನಮ್ಮ ಅತ್ತಿ ಹೆಸರದು. ನಾ ಹ್ಯಾಂಗ ಬಾಯಿ ಬಿಟ್ಟು ಅನ್ಲಿ? ನಮ್ಮ ಮನಿಯವರೂ ಅನ್ನೂದಿಲ್ಲ. 'ಅವ್ವಿ' ಅಂತೀವ್ರಿ."

ಡಾಕ್ಟರು ನಗಲಿಲ್ಲ. ಕಂಪ್ಯೂಟರಿನಲ್ಲಿ ಹೆಸರು ಬದಲಿಸಿದರು. ಆ ಎರಡು ನಿಮಿಷ ನಾನು ಸುಖವಾಗಿದ್ದೆ. ತಪ್ಪು ಮಗಳದಲ್ಲ, ನಮ್ಮ ಮನೆಯ ಪದ್ಧತಿಯದು ಎಂದುಕೊಂಡೆ.

"ಅವ್ವಿ" ಎಂದಿತು ರೋಬೋಟ್. ಅವಳು ಚಕ್ರ ಬಿಡಲಿಲ್ಲ. ಅದು ಗೋಡೆಯ ಚಿತ್ರದ ಕಡೆ ಕೈ ತೋರಿಸಿದರೆ ಕೈಯನ್ನಷ್ಟೇ ನೋಡಿದಳು. "ನೀವೂ ಕರೀರಿ" ಎಂದರು ಡಾಕ್ಟರು. ಕರೆದೆ. ನನ್ನ ಕಡೆಗೂ ತಿರುಗಲಿಲ್ಲ.

ಆಮೇಲೆ ಅವರೇ ನೆಲದ ಮೇಲೆ ಕೂತು ಗಂಟೆಗಟ್ಟಲೆ ಅವಳೊಂದಿಗೆ ಆಡಿದರು, ಹುಟ್ಟಿದಾಗಿನಿಂದ ಎಲ್ಲವನ್ನೂ ಕೇಳಿದರು. ಕೊನೆಗೆ, "ಆಟಿಸಂ ಅದರಿ. ಕಲಿಸೂದು ಈಗಿಂದನ ಸುರು ಮಾಡೋಣು" ಎಂದರು. ಮುಂದೆ ಏನು ಹೇಳಿದರೋ, ತಲೆಗೆ ಹೋಗಲಿಲ್ಲ.

ಸಂಜೆಯ ಬಸ್ಸು ಕಾತ್ರಜ್ ಸುರಂಗ ದಾಟಿತು. ಮಗಳು ಕಿಟಕಿಯಲ್ಲಿ ಸ್ಕ್ರೂ ಹುಡುಕುತ್ತಿದ್ದಳು. ಮದುವೆಯಾದಾಗಿನಿಂದ ಅತ್ತೆಯ ಹೆಸರು ನನ್ನ ಬಾಯಿಗೆ ಬಂದಿರಲಿಲ್ಲ. ಅತ್ತೆ ಕ್ಷಮಿಸಲಿ ಎಂದುಕೊಂಡು, "ಶಾಂತಾ" ಎಂದು ಗಟ್ಟಿಯಾಗಿ ಕರೆದೆ.

ಮಗಳು ತಿರುಗಲಿಲ್ಲ. ಮುಂದಿನ ಸೀಟಿನ ಅಜ್ಜಿಯೊಬ್ಬಳು ತನ್ನನ್ನೇ ಕರೆದರೆಂದು ತಿರುಗಿ, ಏನವ್ವ ಎಂದು ಮರಾಠಿಯಲ್ಲಿ ಕೇಳಿದಳು.