ಸೋಮವ್ವನನ್ನು ಕೂರಿಸಿದ ದಿನ

ನಮ್ಮ ಸತ್ಯವ್ವ ಅತ್ತೆಯ ಬಗ್ಗೆ ಬರೆಯಬೇಕೆಂದು ಎಷ್ಟು ದಿನಗಳಿಂದ ಅಂದುಕೊಂಡಿದ್ದೆ! ಅತ್ತೆ ಅಂದರೆ ಅಪ್ಪನ ಅಕ್ಕ, ಬೈಲಹೊಂಗಲದಲ್ಲಿ ಬಿ.ಎಸ್ಸಿ. ಓದುತ್ತ ನಾನಿರುವುದು ಅವರ ಒಂದೇ ಕೋಣೆಯ ಮನೆಯಲ್ಲಿ. ಅವರು ಹಗಲು ಒಂದು ದವಾಖಾನೆಯಲ್ಲಿ ನೆಲ ಒರೆಸುತ್ತಾರೆ, ಮಂಗಳವಾರ ಸಂಜೆ ಚರ್ಚಿನ ಮಾತೆಯರ ಸಂಘಕ್ಕೆ ಹೋಗುತ್ತಾರೆ, ಯಾರಾದರೂ ಸತ್ತರೆ ಹೆಣ ತೊಳೆಯುತ್ತಾರೆ. ಹೌದು, ಹೆಣ! ಸಂಘದ ಹನ್ನೊಂದು ಹೆಂಗಸರೂ ಸರದಿಯ ಮೇಲೆ ಅದನ್ನು ಮಾಡುತ್ತಾರೆ, ಆದರೆ ಅತ್ತೆಯ ಕೈಯೇ ಬೇರೆ.

ಹನ್ನೆರಡು ವರ್ಷಗಳ ಹಿಂದೆ ಅತ್ತೆ ಮನೋಳಿಯಲ್ಲಿದ್ದರು. ಗಂಡ ಬಿಟ್ಟುಹೋಗಿದ್ದ. ಇದ್ದ ಒಬ್ಬಳೇ ಮಗಳು ಹೆರಿಗೆಯಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಹೆಸರಿಗೆ ಕ್ರೈಸ್ತರು, ಆದರೆ ಚರ್ಚಿನ ಮೆಟ್ಟಿಲು ಹತ್ತಿ ಎಷ್ಟೋ ವರ್ಷವಾಗಿತ್ತು. ಓಣಿಯವರು ಬಾಣಂತಿಯ ಹೆಣವೆಂದು ಹೊಸ್ತಿಲ ಹೊರಗೇ ನಿಂತರು. ಮಧ್ಯಾಹ್ನ ಬೈಲಹೊಂಗಲದಿಂದ ಒಂದು ಟಂಟಂ ಗಾಡಿ ಬಂದು ನಿಂತಿತು. ಇಳಿದವರು ಸಂಘದ ಅಧ್ಯಕ್ಷೆ ತೆರೇಸಾಬಾಯಿ, ಜೊತೆಗೆ ಇನ್ನೂ ನಾಲ್ವರು. ಏನೂ ಕೇಳಲಿಲ್ಲ. ನೀರು ಕಾಯಿಸಿದರು, ಮಗಳನ್ನು ತೊಳೆದರು, ಗಂಟುಗಟ್ಟಿದ್ದ ಕೂದಲನ್ನು ಒಂದು ತಾಸು ಕೂತು ಬಿಡಿಸಿ ಎರಡು ಜಡೆ ಹೆಣೆದರು.

"ಅವತ್ತ ದೇವರ್ನ ಕಂಡ್ನೋ ಇಲ್ಲೋ ಗೊತ್ತಿಲ್ಲವ್ವ," ಅನ್ನುತ್ತಾರೆ ಅತ್ತೆ. "ತೆರೇಸಾಬಾಯಿ ಕೈಯಾಗಿನ ಹಣಿಗಿ ಕಂಡ್ನಿ. ಹೆಣಕ್ಕ ನೋವಾದೀತಂತ ಮೆಲ್ಲಕ ಬಾಚಾಕ ಹತ್ತಿದ್ಲು."

ಆಮೇಲೆ ಅವರು ಬೈಲಹೊಂಗಲಕ್ಕೆ ಬಂದರು, ಸಂಘ ಸೇರಿದರು, ಜಪಸರ ಹಿಡಿದರು, ಆ ಕೆಲಸವನ್ನೇ ಕಲಿತರು.

ನಮ್ಮ ಪಕ್ಕದ ಕೋಣೆಯಲ್ಲಿ ಸೋಮವ್ವ ಇದ್ದಳು. ಲಿಂಗವಂತರ ಮುದುಕಿ, ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಿದ್ದವಳು. ಹೋದ ವರ್ಷ ಲಕ್ವಾ ಹೊಡೆದು ಎರಡೂ ಕಾಲು ಬಿದ್ದುಹೋದವು. ದೊಡವಾಡದಿಂದ ಮಗ ಮಲಕಾಜಪ್ಪ ಕರೆಯಲು ಬಂದರೆ ಒಲ್ಲೆನೆಂದಳು: "ಸೊಸಿ ಮುಂದ ಹೇಲ ಉಚ್ಚಿ ಮಾಡಿಕೊಂಡ ಕೂಡಾಕ ನನಗ ಆಗೂದಿಲ್ಲಪಾ." ಸಂಘದವರು ಎಂಟು ತಿಂಗಳು ಪಾಳಿ ಹಚ್ಚಿಕೊಂಡು ಅವಳನ್ನು ನೋಡಿಕೊಂಡರು. ಅವಳೋ, ಬೆನ್ನು ಒರೆಸುವವರನ್ನೇ ಕಾಡುತ್ತಿದ್ದಳು.

"ದಿನಾ ಅಷ್ಟು ಮಣಿ ಎಣಸ್ತೀರಿ, ನಿಮ್ಮ ಮರಿಯವ್ವಗ ಹೇಳಿ ನನ್ನ ಕಾಲರೆ ಎಬ್ಬಸ್ರಿ!"

"ಹೇಳೇವಿ ಆಯಿ. ಮೊದಲ ಬಾಯಿ ನಿಲ್ಲಸ್ತೇನಿ ಅಂದಾಳ," ಅನ್ನುತ್ತಿದ್ದರು ಅತ್ತೆ.

ಸೋಮವ್ವ ನಕ್ಕು, ಆಮೇಲೆ ಪ್ರತಿಸಲ ಒಂದೇ ಮಾತಿಗೆ ಬರುತ್ತಿದ್ದಳು. "ಸತ್ಯವ್ವಾ, ನಮ್ಮ ಮಂದ್ಯಾಗ ಸತ್ತವರನ್ನ ಕುಂದರಿಸಿ ಮಣ್ಣ ಮಾಡ್ತಾರ. ಜೀವ ಹೋದ ಕೂಡ್ಲೆ ನನ್ನ ಗ್ವಾಡಿಗಿ ಕುಂದರಸು. ಮಲಗಿ ಮಲಗಿ ಸಾಕಾಗೇತಿ. ಅದೊಂದ ಮಾಡಿಬಿಡು."

ಅತ್ತೆ ಅವಳ ಕೈ ಮುಟ್ಟಿ ಮಾತು ಕೊಟ್ಟಿದ್ದರು.

ಅವಳು ಹೋದದ್ದು ಒಂದು ಬುಧವಾರ ಬೆಳಿಗ್ಗೆ ಏಳಕ್ಕೆ, ಅತ್ತೆಯ ತೊಡೆಯ ಮೇಲೆ. ಮಲಕಾಜಪ್ಪ ಟ್ರ್ಯಾಕ್ಟರ್ ತೆಗೆದುಕೊಂಡು ರಾಮದುರ್ಗದ ಕಡೆ ಹೋಗಿದ್ದ, ಹನ್ನೊಂದರವರೆಗೂ ಫೋನ್ ಹತ್ತಲಿಲ್ಲ. ಅತ್ತೆ ಅಳುತ್ತಲೇ ಸೋಮವ್ವನನ್ನು ತೊಳೆದರು, ಸೀರೆ ಉಡಿಸಿದರು, ಬಾಚಿದರು. ಎಷ್ಟು ಚೆಂದ ಮಾಡಿದರೆಂದರೆ ನಾನು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದೆ. ಆದರೆ ಹನ್ನೆರಡು ವರ್ಷ ಒಂದೇ ರೀತಿ ಮಾಡಿದ ಕೈ! ಚಾಪೆಯ ಮೇಲೆ ನೇರ ಮಲಗಿಸಿದರು, ಕಾಲ ಹೆಬ್ಬೆರಳು ಕಟ್ಟಿದರು, ಕೈಗಳನ್ನು ಎದೆಯ ಮೇಲೆ ಜೋಡಿಸಿ ಬೆರಳುಗಳ ನಡುವೆ ತಮ್ಮದೇ ಜಪಸರ ಸುತ್ತಿದರು. ತಮ್ಮ ಚರ್ಚಿನವರಿಗೆ ಮಾಡುವ ಹಾಗೆ. ನನಗೂ ಏನೂ ಅನ್ನಿಸಲಿಲ್ಲ.

ಎರಡು ಗಂಟೆಗೆ ಮಲಕಾಜಪ್ಪ ಊರಿನ ನಾಲ್ಕು ಜನರನ್ನೂ ಮಠದ ಅಯ್ಯನವರನ್ನೂ ಟ್ರ್ಯಾಕ್ಟರಿನಲ್ಲಿ ಕರೆದುಕೊಂಡು ಬಂದ. ತಾಯಿಯ ಕೈ ನೋಡಿದ. ಬಿಡಿಸಲು ಹೋದ, ಬರಲಿಲ್ಲ. ಮೊಣಕಾಲು ಮಡಚಲು ಹೋದ, ಅದೂ ಬರಲಿಲ್ಲ. ಸತ್ತ ಮೈ ಕೆಲವು ತಾಸಿನಲ್ಲಿ ಸೆಟೆದುಕೊಳ್ಳುತ್ತದೆ, ಅದಕ್ಕೆ ರೈಗರ್ ಮಾರ್ಟಿಸ್ ಅಂತ ನಮ್ಮ ಪುಸ್ತಕದಲ್ಲಿ ಒಂದು ಸಾಲಿದೆ, ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ.

"ಯಾರ ಮಲಗಿಸಿದ್ರಿ ಇಕಿನ್ನ?"

"ನಾನ, ತಮ್ಮಾ."

"ಕುಂದರಸ್ಬೇಕಂತ ಗೊತ್ತಿರಲಿಲ್ಲೇನು?"

"ಗೊತ್ತಿತ್ತು. ಆಕೀನ ಹೇಳಿದ್ಲು."

"ಗೊತ್ತಿದ್ದೂ ಮಾಡೀ ಅಂದ್ರ? ಸಾಯೂತನಕ ಕಾದು, ಸತ್ತ ಮ್ಯಾಲೆ ನಿಮ್ಮಾಕಿನ್ನ ಮಾಡಿಕೊಂಡ್ರೇನು?"

ಅತ್ತೆ ತಾವು ಜೋಡಿಸಿದ್ದ ಆ ಕೈಗಳನ್ನೇ ನೋಡಿದರು. "ಕೈ ಮರೀತಪಾ," ಅಂದರು, ಅಷ್ಟೇ. ತೆರೇಸಾಬಾಯಿ ಮುಂದೆ ಬಂದು, "ತಪ್ಪ ಆಕೀದೊಬ್ಬಾಕೀದಲ್ಲ, ಸಂಘದ್ದು. ಬೈಯೂದಿದ್ರ ಎಲ್ಲಾರಿಗೂ ಬೈರಿ," ಅಂದರು.

ಅಯ್ಯನವರು ಹಣೆ ಒತ್ತಿಕೊಂಡು, "ಇನ್ನ ಮಲಗಿಸೇ ಒಯ್ಯೂದು, ಏನ ಮಾಡೂದೈತಿ," ಅಂದರು. ಅತ್ತೆ ಎದ್ದು ನಿಂತರು. "ಬ್ಯಾಡ್ರಿ ಅಯ್ಯನವರ. ಎರಡು ತಾಸು ಕೊಡ್ರಿ. ಗಂಡಸರು ಹೊರಗ ನಿಂದರ್ರಿ."

ಆ ಎರಡು ತಾಸು ನಾನು ನೀರು ಕಾಯಿಸಿ ಕೊಡುತ್ತಲೇ ಇದ್ದೆ. ಬಿಸಿ ನೀರಿನ ಬಟ್ಟೆ, ಮೇಲೆ ಎಣ್ಣೆ, ಮೊದಲು ಕುತ್ತಿಗೆ, ಆಮೇಲೆ ಭುಜ, ಮೊಣಕೈ, ಬೆರಳು. ಒಂದೊಂದು ಕೀಲನ್ನೂ ತಿಕ್ಕಿ ತಿಕ್ಕಿ ಒಂದಿಷ್ಟೇ ಬಗ್ಗಿಸುವುದು, ಮತ್ತೆ ತಿಕ್ಕುವುದು. ತೆರೇಸಾಬಾಯಿ ಅಭ್ಯಾಸಬಲದಿಂದ ಜಪ ಶುರುಮಾಡಿದರು. ಅತ್ತೆ ತಡೆದರು: "ಬ್ಯಾಡ ಬಾಯಿ. ಇದು ಆಕಿ ಮನಿ." ಬಲ ಮೊಣಕಾಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅತ್ತೆ ಅದರ ಮೇಲೆ ತಮ್ಮ ಇಡೀ ಭಾರ ಹಾಕಿದರು. ಒಳಗೆ ಏನೋ ಲಟಕ್ಕೆಂದಿತು. ಹೊರಗಿದ್ದವರಿಗೂ ಕೇಳಿಸಿರಬೇಕು, ಮಾತು ನಿಂತುಹೋಯಿತು.

"ನೋವಾತೇನ ಆಯಿ?" ಅಂದರು ಅತ್ತೆ, ಹೆಣಕ್ಕೆ.

ಸೋಮವ್ವ ಕೂತಳು. ಕಾಲು ಮಡಚಿ, ಗೋಡೆಗೆ ಒರಗಿ. ಎಂಟು ತಿಂಗಳ ಮೇಲೆ! ಅಯ್ಯನವರು ಹಣೆಗೆ ವಿಭೂತಿ ಹಚ್ಚಿದರು, ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಮಲಕಾಜಪ್ಪ ಜಪಸರವನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯಲ್ಲಿಟ್ಟ. ನಮಗಾರಿಗೂ ಬರ್ರಿ ಅನ್ನಲಿಲ್ಲ.

ಆದರೆ ಹಾಗೆ ಸಡಿಲಿಸಿದ ಹೆಣ ತಾನಾಗಿ ಕೂರುವುದಿಲ್ಲ. ಟ್ರ್ಯಾಲಿಯಲ್ಲಿ ಕುರ್ಚಿಗೆ ಕಟ್ಟಿದ್ದರೂ, ಓಣಿಯ ತಿರುವಿನ ಮೊದಲ ತಗ್ಗಿಗೇ ಸೋಮವ್ವನ ತಲೆ ಎದೆಗೆ ಬಿತ್ತು, ಮೈ ಒಂದು ಕಡೆ ಜಾರಿತು. ಟ್ರ್ಯಾಕ್ಟರ್ ನಿಂತಿತು. ಯಾರಾದರೂ ಹಿಂದೆ ಕೂತು ಅಪ್ಪಿ ಹಿಡಿಯಬೇಕಿತ್ತು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ಮಲಕಾಜಪ್ಪ ಇಳಿದು ನಮ್ಮ ಬಾಗಿಲವರೆಗೆ ನಡೆದು ಬಂದ, ಅತ್ತೆಯ ಮುಖ ನೋಡದೆ ಹೇಳಿದ:

"ಯವ್ವಾ, ಹತ್ತು ಬಾ."

ದೊಡವಾಡದವರೆಗೆ ಅತ್ತೆ ಹಿಡಿದುಕೊಂಡೇ ಹೋದರು.

ರಾತ್ರಿ ಬಸ್ಸಿನಲ್ಲಿ ಮರಳಿದಾಗ ಅವರ ಎರಡೂ ತೋಳು ಮೇಲೇಳುತ್ತಿರಲಿಲ್ಲ. ತೆರೇಸಾಬಾಯಿ ಅನ್ನ ಕಲಸಿ ತುತ್ತು ಮಾಡಿ ಉಣ್ಣಿಸಿದರು. ನನಗೆ ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ: "ಅತ್ತಿ, ಕುಣ್ಯಾಗ ಕುಂತಿದ್ಲೇನು?"

"ಕುಂತಿದ್ಲು. ಅಂಚಿನ ಮ್ಯಾಲೆ ಮಣಕಾಲೂರಿ ತಲಿ ಹಿಡಕೊಂಡಿದ್ನಿ. ಮಣ್ಣ ಗದ್ದದ ತನಕ ಬಂತು. ಆಮ್ಯಾಲೆ ಅದ ಹಿಡೀತು, ನಾ ಬಿಟ್ನಿ."