ಮೊಬೈಲ್ ಬಂದ ದಿನಾಂಕ

2023ರ ಜೂನ್ 12, ಸೋಮವಾರ. ಆಧಾರ: ಭದ್ರಾವತಿಯ ಅಂಗಡಿಯೊಂದು ಮೊಬೈಲ್ ಮಾರಿ ಕೊಟ್ಟ ರಸೀದಿ. ನನ್ನ ತಂಗಿಯ ಮಗ ಅದನ್ನು ಇತಿಹಾಸ ಬರೆಯುವ ನನ್ನ ಮುಂದೆ ಹಿಡಿದದ್ದು ಮರುವರ್ಷದ ಫೆಬ್ರವರಿಯಲ್ಲಿ, ಅದೇ ಊರಿನ ನ್ಯೂ ಟೌನಿನಲ್ಲಿರುವ ತನ್ನ ಮನೆಯಲ್ಲಿ, ಸಾಕ್ಷ್ಯ ಹಾಜರುಪಡಿಸುವವನ ಗತ್ತಿನಲ್ಲಿ.

"ದಿನಾಂಕ ದಿನಾಂಕ ಅಂತೀರಲ್ಲ ಮಾವ, ನೋಡಿ. ಈ ಮೊಬೈಲ್ ಮನೆಗೆ ಬಂದ ಮೇಲೇನೇ ಹುಡುಗಿ ಹೀಗಾಗಿದ್ದು. ಕಿತ್ಕೊಂಡು ಬೀರುಲಿ ಇಟ್ಟಿದ್ದೀನಿ. ಇನ್ನು ಡಾಕ್ಟರ್ ಯಾಕೆ?"

ಅವನ ಮಗಳಿಗೆ ಹದಿನೈದು ವರ್ಷ. ಬೆರಳ ಸಂದುಗಳು ಒಡೆದು ರಕ್ತ ಜಿನುಗುತ್ತಿತ್ತು. ತೊಳೆದ ಕೈಯನ್ನು ಮತ್ತೆ ತೊಳೆಯದಿದ್ದರೆ ಮನೆಯಲ್ಲಿ ಯಾರೋ ಸಾಯುತ್ತಾರೆಂಬ ಭಯ ಅವಳಿಗೆ. ಇದೊಂದು ಕಾಯಿಲೆ, ಇದಕ್ಕೆ ಚಿಕಿತ್ಸೆಯಿದೆ ಎಂದು ಅವಳು ತಿಳಿದದ್ದು ಇಂಟರ್ನೆಟ್ಟಿನಲ್ಲಿ, ತನ್ನಂಥ ಮಕ್ಕಳೇ ಬರೆದುಕೊಂಡದ್ದನ್ನು ಓದಿ. ಧೈರ್ಯ ಮಾಡಿ ಅಪ್ಪನಿಗೆ ಹೇಳಿದಳು. ಅಂದೇ ಮೊಬೈಲ್ ಬೀರು ಸೇರಿತು. ಶಿವಮೊಗ್ಗದ ಡಾಕ್ಟರಿಗೆ ತೋರಿಸೋಣವೆಂದು ಹೇಳಲು ನಾನು ಬಂದಿದ್ದೆ.

ಇಂಟರ್ನೆಟ್ಟನ್ನು ನಾನು ಸಮರ್ಥಿಸುತ್ತಿಲ್ಲ. ಸೋಂಕಿನ ಒಂದು ವಿಡಿಯೋ ನೋಡಿದವಳಿಗೆ ಬೆನ್ನಿಗೇ ಇನ್ನೊಂದು, ಮತ್ತೊಂದು ತೋರಿಸಿ ಭಯವನ್ನು ಕೊಬ್ಬಿಸಿದ್ದೂ ಅದೇ. ಮಕ್ಕಳ ಹೆದರಿಕೆಯನ್ನೇ ಮೇಯುವ ಆ ವ್ಯಾಪಾರ ನನಗೆ ಅಸಹ್ಯ. ಆದರೆ ಒಂದೇ ರಸೀದಿಯಿಂದ ಇಡೀ ಇತಿಹಾಸ ಕಟ್ಟಿ ನಿರಾಳವಾಗಿ ಕೂರುವ ಹಿರಿಯರ ಮೇಲೆ ನನಗಿರುವ ಸಿಟ್ಟು ಅದಕ್ಕಿಂತ ದೊಡ್ಡದು.

"ಇದಕ್ಕೆ ಮೊದಲು ಹೇಗಿದ್ಲು?" ಎಂದೆ.

"ಚೆನ್ನಾಗೇ ಇದ್ಲು ಕಣೋ ಅಣ್ಣ," ಎಂದಳು ತಂಗಿ. "ನಿಂಗೆ ಎಲ್ಲದಕ್ಕೂ ದಾಖಲೆ ಬೇಕು. ನನ್ನ ಮೊಮ್ಮಗಳು ಹುಚ್ಚಿ ಅಂತ ಸಾಬೀತು ಮಾಡಿ ಪುಸ್ತಕ ಬರೀತೀಯಾ ಮಾರಾಯ?"

ಸಿಟ್ಟಿನಲ್ಲೇ ಶಿವಮೊಗ್ಗದ ಬಸ್ಸು ಹತ್ತಿದೆ. ಮನೆ ತಲುಪಿದವನೇ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹಳೆಯ ಸಂದೇಶಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಸಿಕ್ಕಿದ್ದು, ಹೊಳಲೂರಿನ ನೆಂಟರ ಗೃಹಪ್ರವೇಶದ ಒಂದು ವಿಡಿಯೋ. ಅದನ್ನು ತಂಗಿಯ ಮಗನಿಗೆ ಕಳಿಸಿದೆ. ಅವನ ಉತ್ತರ ಬಂತು: "ಡಾಕ್ಟರ್ ಯಾವತ್ತು ಸಿಗ್ತಾರೆ ಮಾವ?"

ಆ ವಾರವೇ ಅವಳನ್ನು ಡಾಕ್ಟರ ಬಳಿಗೆ ಕರೆತಂದ. ಆದರೂ ನನ್ನ ಸಿಟ್ಟು ಇಳಿದಿಲ್ಲ. ವಿಡಿಯೋದಲ್ಲಿ ಹುಡುಗಿ ಹಿತ್ತಲಿನ ನಲ್ಲಿಯ ಬಳಿ ಕೈ ತೊಳೆಯುತ್ತಾಳೆ, ನಿಲ್ಲಿಸುತ್ತಾಳೆ, ಮತ್ತೆ ತೊಳೆಯುತ್ತಾಳೆ. "ಬಾರೇ, ಎಲೆ ಹಾಕಿದಾರೆ" ಎಂದು ಯಾರೋ ಕರೆದರೂ ತಿರುಗುವುದಿಲ್ಲ. ಹೆಂಗಸರು ನಗುತ್ತಾರೆ. ನನ್ನ ತಂಗಿಯ ಹೆಮ್ಮೆಯ ದನಿ ಸ್ಪಷ್ಟವಾಗಿ ಕೇಳುತ್ತದೆ: "ಈ ವಯಸ್ಸಿಗೇ ಎಷ್ಟು ಮಡಿ ನೋಡ್ರೇ ನಮ್ ಹುಡುಗೀದು! ಇವಳ ಅತ್ತೆ ಆಗೋಳು ಪುಣ್ಯ ಮಾಡಿರ್ಬೇಕು." ಕೆಳಗೆ ನೆಂಟರು ಒತ್ತಿದ ಚಪ್ಪಾಳೆಗಳ ಸಾಲು.

ವಿಡಿಯೋ ಗುಂಪಿಗೆ ಬಂದದ್ದು 2022ರ ನವೆಂಬರ್ 13, ಭಾನುವಾರ. ಮೊಬೈಲ್ ಕೊಳ್ಳುವುದಕ್ಕೆ ಸುಮಾರು ಏಳು ತಿಂಗಳು ಮುಂಚೆ. ಆಗ ಅವಳು ಚೆನ್ನಾಗಿದ್ದಳೆಂದೇ ಮನೆಯವರೆಲ್ಲರ ನೆನಪು.