ತಾನಾಗಿ ಏರಿದ ಎಂಜಿನ್

ನಿವೃತ್ತನಾಗುವ ಹಿಂದಿನ ವರ್ಷ ನಾನು ಚಾಮರಾಜನಗರದ ಗುತ್ತಿಗೆದಾರರೊಬ್ಬರಲ್ಲಿ ಸೈಟ್ ಎಂಜಿನಿಯರ್ ಆಗಿದ್ದೆ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ ಬಳಿ ಕುಡಿಯುವ ನೀರಿಗೆ ಆಳು ತೆವಳಿ ಹೋಗುವಷ್ಟು ದಪ್ಪ ಉಕ್ಕಿನ ಪೈಪು ಹಾಕುವ ಕೆಲಸ. ಲೈನ್ ಹೋಗುವ ಬಯಲಿನಲ್ಲಿ ಕರೆಂಟ್ ಇರಲಿಲ್ಲ. ಡೀಸೆಲ್ ಎಂಜಿನ್ನಿನ ವೆಲ್ಡಿಂಗ್ ಮೆಷಿನ್ ಬೇಕಾಯಿತು.

ಅದನ್ನು ಆರಿಸುವುದು ನನ್ನ ತಲೆಗೆ ಬಂತು. ಮಾರುವವರು ಆಂಪಿಯರ್ ಒಂದನ್ನೇ ಹೊಗಳುತ್ತಾರೆ. ನಾನು ಮೊದಲು ಕೇಳಿದ್ದು ಡ್ಯೂಟಿ ಸೈಕಲ್, ಅಂದರೆ ಹತ್ತು ನಿಮಿಷದಲ್ಲಿ ಎಷ್ಟು ನಿಮಿಷ ಬಿಡದೆ ಬೆಸೆಯಬಹುದು ಎಂಬುದನ್ನು. ಗ್ರೈಂಡರ್, ಬ್ಲೋವರ್ ಓಡಿಸಲು ಬೇರೆ ಕರೆಂಟ್ ಕೊಡುತ್ತದೆಯೇ ಎಂದೂ ನೋಡಿದೆ. ಕೊನೆಗೆ ಆಟೋ ಐಡಲ್ ಇರುವುದೇ ಬೇಕೆಂದು ಹಟ ಹಿಡಿದೆ. ಅದರಲ್ಲಿ ಬೆಸೆಯುವುದು ನಿಂತರೆ ಎಂಜಿನ್ ತಾನಾಗಿ ನಿಧಾನವಾಗುತ್ತದೆ. ಬೆಸೆಯುವ ರಾಡ್ ಕಬ್ಬಿಣಕ್ಕೆ ತಾಗಿದೊಡನೆ ವೇಗ ಏರುತ್ತದೆ. ಡೀಸೆಲ್ ಉಳಿಯಲಿ ಎಂಬುದಷ್ಟೇ ನನ್ನ ಯೋಚನೆ.

ಒಂದು ಮಧ್ಯಾಹ್ನ ಹುಣಸೆಮರದಡಿ ಬುತ್ತಿ ಬಿಚ್ಚಿದ್ದೆವು. ವೆಲ್ಡರ್ ಸಿದ್ದರಾಜು ಊಟಕ್ಕೆ ಮನೆಗೆ ಹೋಗಿದ್ದಾನೆ ಎಂದುಕೊಂಡಿದ್ದೆವು. ಅತ್ತ ಅವನು ನಿಲ್ಲಿಸದೆ ಬಿಟ್ಟ ಮೆಷಿನ್ ಮೆಲ್ಲಗೆ ಗುರುಗುಟ್ಟುತ್ತಿತ್ತು. ಇದ್ದಕ್ಕಿದ್ದಂತೆ ಸದ್ದು ಏರಿತು. ಸ್ವಲ್ಪ ಹೊತ್ತಿಗೆ ಇಳಿಯಿತು. ಮತ್ತೆ ಏರಿತು. ಅದರ ಸುತ್ತ ನರಪಿಳ್ಳೆಯೂ ಇರಲಿಲ್ಲ.

ಕುದೇರಿನ ಮೇಸ್ತ್ರಿ ನಾಗಮಲ್ಲಪ್ಪನವರ ತುತ್ತು ಕೈಯಲ್ಲೇ ನಿಂತಿತು. "ಯಾರೂ ಮುಟ್ಟಿಲ್ಲ ಕಣ್ ಸಾ. ಇಲ್ಲಿ ಅಗೀವಾಗ ಮೂಳೆ ಸಿಕ್ಕಿತ್ತು. ಅವತ್ತೇ ಏಳ್ದೆ, ಪೂಜೆ ಮಾಡುಸ್ಬುಡಿ ಅಂತ."

ನನಗೂ ಮೈ ಜುಮ್ಮೆಂದಿತು, ಇಲ್ಲವೆಂದರೆ ಸುಳ್ಳಾದೀತು. ವೆಲ್ಡಿಂಗ್ ವೈರ್ ಪೈಪಿನೊಳಗೆ ಹೋಗಿತ್ತು. ಆದರೆ ಪೈಪಿನ ಬಾಯಲ್ಲಿ ಚಪ್ಪಲಿ ಇರಲಿಲ್ಲ. ಒಳಗಿನಿಂದ ಬೆಸೆಯಲು ನಮ್ಮವರು ಯಾವಾಗಲೂ ಚಪ್ಪಲಿ ಹೊರಗೆ ಬಿಟ್ಟು ತೆವಳುತ್ತಿದ್ದರು. ಚಪ್ಪಲಿ ಕಂಡರೆ ಒಳಗೆ ಆಳಿದ್ದಾನೆ ಎಂದೇ ಅರ್ಥ. ಹಾಗಾದರೆ ಒಳಗೆ ಯಾರೂ ಇಲ್ಲ. ಆದರೂ ಯಾರೋ ರಾಡ್ ತಾಗಿಸುತ್ತಿದ್ದಾರೆ.

ಮೂರನೆಯ ಸಲ ಸದ್ದು ಏರಿದಾಗ ನನ್ನ ಭಯವೇ ಬೇರೆಯಾಯಿತು. ದೆವ್ವಕ್ಕೆ ರಾಡ್ ಯಾಕೆ? ಓಡಿಹೋಗಿ ಪೈಪಿನೊಳಗೆ ಕೂಗಿದೆ. ಹೊರಗೆ ಬಂದದ್ದು ಹೊಗೆಯ ವಾಸನೆ ಮಾತ್ರ. ನಾಯಿ ನುಗ್ಗದಿರಲೆಂದು ಇನ್ನೊಂದು ತುದಿಗೆ ನಾವೇ ಹಲಗೆ ಬಡಿದಿದ್ದೆವು. "ಹಲಗೆ ಒಡೀರಿ!" ಎಂದು ಕಿರುಚಿ ಎಂಜಿನ್ ನಿಲ್ಲಿಸಿದೆ. ವೆಲ್ಡಿಂಗ್ ವೈರ್ ಕಳಚಿ, ಮತ್ತೆ ಚಾಲೂ ಮಾಡಿ, ಬ್ಲೋವರ್‌ನಿಂದ ಗಾಳಿ ಊದಿಸಿದೆ. ಆಮೇಲೆ ನಾಗಮಲ್ಲಪ್ಪನವರು ಸೊಂಟಕ್ಕೆ ಹಗ್ಗ ಬಿಗಿದು ಒಳಗೆ ತೆವಳಿದರು.

ಅವರು ಹಿಂದಕ್ಕೆ ಸರಿಯುತ್ತಾ ಎಳೆದು ತಂದಾಗ ಮೊದಲು ಕಂಡದ್ದು ಸಿದ್ದರಾಜುವಿನ ಕಾಲು. ಕಾಲಲ್ಲಿ ಹೊಚ್ಚಹೊಸ ಕರಿ ಶೂ. ಸುರಕ್ಷತೆಗೆಂದು ಆ ವಾರ ಎಲ್ಲರಿಗೂ ನಾನೇ ಹಂಚಿದ್ದು.

ಗುಂಡ್ಲುಪೇಟೆ ಆಸ್ಪತ್ರೆಯಲ್ಲಿ ಅವನಿಗೆ ಮಾತು ಬಂತು. "ಕೂಗಕ್ಕೆ ಉಸ್ರೇ ಬರ್ನಿಲ್ಲ ಸಾ. ಕೈ ಒಂದು ಆಡ್ತಿತ್ತು. ರಾಡ್ ತಾಗ್ಸುದ್ರೆ ಇಂಜನ್ ಸದ್ದು ಮಾಡ್ತದಲ್ಲ, ಅದ್ನೇ ಮಾಡ್ದೆ."

ಮೆಷಿನ್ ಆರಿಸುವಾಗ ನೂರು ಪ್ರಶ್ನೆ ಕೇಳಿದ್ದ ನಾನು ಶೂ ಕೊಡುವಾಗ ಆಳುಗಳನ್ನು ಒಂದು ಮಾತೂ ಕೇಳಿರಲಿಲ್ಲ. ಪೈಪಿನ ಬಾಯಲ್ಲಿ ಬಿಡುತ್ತಿದ್ದ ಆ ಹರಕು ಚಪ್ಪಲಿಗಳೇ ನಮ್ಮ ಹಾಜರಿ ಪುಸ್ತಕವಾಗಿದ್ದವು. ಹಳೆಯ ಅಭ್ಯಾಸವೊಂದನ್ನು ತೆಗೆಯುವ ಮುಂಚೆ ಅದು ಯಾರನ್ನು ಕಾಯುತ್ತಿದೆ ಎಂದು ಕೇಳಬೇಕು. ಅಷ್ಟು ವರ್ಷದ ನೌಕರಿಯಲ್ಲಿ ನನಗೆ ಇದು ತಿಳಿದದ್ದು ಅವತ್ತು, ಅವನ ಶೂಗಳ ಲೇಸು ಬಿಚ್ಚುತ್ತಾ ಕೂತಾಗ.